ನಂಬರ್ ಪ್ಲೇಟಿನಿಂದ ಮನೆಯ ಬಾಗಿಲಿನವರೆಗೆ: ಕಾರಿನ ಫೋಟೊಗಳ ಚರಿತ್ರೆ



ಈ ಲೇಖನ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ. ಹಾಗಾಗಿ ಮೊದಲು ಅದನ್ನು ಹೇಳಿಬಿಡುತ್ತೇನೆ.

ಕೆಲವು ತಿಂಗಳ ಹಿಂದೆ ನಮ್ಮ ವಾಳೆಯ ಒಬ್ಬ ಅಂಕಲ್ ಹೊಸ ಕಾರು ಕೊಂಡರು. ಇಪ್ಪತ್ತು ವರ್ಷ ಅಂಗಡಿ ನಡೆಸಿ ಕೂಡಿಟ್ಟ ಹಣದ ಕಾರು. ಭಾನುವಾರ ಪೂಜೆಯ ನಂತರ ಫಾದರ್ ಅವರಿಂದ ಆಶೀರ್ವಚನ ಮಾಡಿಸಿ, ಅಂಗಡಿಯ ಎದುರು ನಿಲ್ಲಿಸಿ, ಇಡೀ ಕುಟುಂಬ ಫೋಟೊಗೆ ನಿಂತಿತು. ತೆಗೆದವನು ನಾನು. ಘಟಕದ ಪೇಜಿಗೆ ಹಾಕಿದವನೂ ನಾನು. ‘ಅಭಿನಂದನೆಗಳು, ನಾಳೆ ಕುಟುಂಬದೊಂದಿಗೆ ವೇಳಾಂಕಣಿಗೆ ಪಯಣ’ ಎಂದು ಬರೆದೆ. ನೂರಕ್ಕಿಂತ ಹೆಚ್ಚು ಲೈಕ್ ಬಂತು.

ಅವರು ದಾರಿಯಲ್ಲಿರುವಾಗಲೇ ಅಂಕಲ್ ಫೋನಿಗೆ ಒಂದು ವಾಟ್ಸ್ಆ್ಯಪ್ ಸಂದೇಶ ಬಂತು. ಅವರ ಕಾರಿನ ನಂಬರ್ ಸರಿಯಾಗಿ ಬರೆದಿತ್ತು. ಸಿಗ್ನಲ್ ದಾಟಿದ್ದೀರಿ, ದಂಡ ಬಾಕಿ ಇದೆ, ಚಲನ್ ನೋಡಲು ಈ ಫೈಲ್ ಇನ್‌ಸ್ಟಾಲ್ ಮಾಡಿ ಎಂದಿತ್ತು. ಕೆಳಗೆ ಒಂದು ಎಪಿಕೆ ಫೈಲ್. ಅಂಕಲ್ ಒತ್ತುವಷ್ಟರಲ್ಲಿ ಪಕ್ಕದಲ್ಲಿದ್ದ ಮಗಳು ಫೋನ್ ಕಸಿದುಕೊಂಡಳು. ಅಂಥ ಫೈಲ್ ಹಾಕಿದರೆ ಅದು ಫೋನಿಗೆ ಬರುವ ಒಟಿಪಿಗಳನ್ನು ಓದಿ ಬ್ಯಾಂಕ್ ಖಾತೆಗೆ ಕೈ ಹಾಕುತ್ತದೆ ಎಂದು ಅವಳಿಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರಂತೆ.

ಊರಿಗೆ ಬಂದ ಮೇಲೆ ಅಂಕಲ್ ನನ್ನನ್ನು ಕರೆದು ಕೇಳಿದರು: “ಅಲ್ಲ ಮಾರಾಯ, ಗಾಡಿ ಬಂದು ನಾಲ್ಕು ದಿನ ಆಗಲಿಲ್ಲ. ಅವನಿಗೆ ನನ್ನ ಗಾಡಿ ನಂಬರೂ ಫೋನ್ ನಂಬರೂ ಒಟ್ಟಿಗೆ ಸಿಕ್ಕಿದ್ದು ಹೇಗೆ?”

ನಾನು ಆ ಫೋಟೊ ತೆರೆದು ನೋಡಿದೆ. ಎದುರಿಗೆ ನಂಬರ್ ಪ್ಲೇಟ್. ಹಿಂದೆ ಅಂಗಡಿಯ ಬೋರ್ಡ್, ಅದರಲ್ಲಿ ದಪ್ಪ ಅಕ್ಷರದಲ್ಲಿ ಮೊಬೈಲ್ ನಂಬರ್. ಕೆಳಗೆ ನಾನೇ ಬರೆದ, ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬ ಸುದ್ದಿ. ಆ ವಂಚಕ ನಮ್ಮ ಫೋಟೊವನ್ನೇ ನೋಡಿದನೋ ಬೇರೆ ಕಡೆಯಿಂದ ಮಾಹಿತಿ ತೆಗೆದನೋ, ನಾನು ಸಾಧಿಸಿ ತೋರಿಸಲಾರೆ. ಆದರೆ ಅವನಿಗೆ ಬೇಕಾದದ್ದೆಲ್ಲ ಒಂದೇ ಚಿತ್ರದಲ್ಲಿ ಇತ್ತು, ಅದನ್ನು ಅಲ್ಲಿ ಇಟ್ಟವನು ನಾನು.

ಅಂದಿನಿಂದ ಈ ನಂಬರ್ ಪ್ಲೇಟ್ ಎಂಬುದು ಎಲ್ಲಿಂದ ಬಂತು, ಫೋಟೊದ ಜತೆ ಸೇರಿ ಅದು ಅಪಾಯ ಆದದ್ದು ಹೇಗೆ ಎಂದು ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಗಾಡಿಯ ಮೇಲೆಯೇ ವಿಳಾಸ

ವಾಹನಕ್ಕೆ ಗುರುತಿನ ಫಲಕ ಬೇಕೆಂದು ಮೊದಲು ಕಟ್ಟುನಿಟ್ಟು ಮಾಡಿದ್ದು ಫ್ರಾನ್ಸಿನ ಪ್ಯಾರಿಸ್ ಪೊಲೀಸರು, 1893ರ ಆಗಸ್ಟ್ 14ರ ಆಜ್ಞೆಯಲ್ಲಿ. ಪ್ರತಿಯೊಂದು ಮೋಟಾರು ಗಾಡಿಯ ಎಡಬದಿಯಲ್ಲಿ ಲೋಹದ ಫಲಕ ಇರಬೇಕು, ಅದರಲ್ಲಿ ಅನುಮತಿಯ ಸಂಖ್ಯೆಯ ಜತೆ ಮಾಲೀಕನ ಹೆಸರು ಮತ್ತು ವಿಳಾಸ ಇರಬೇಕು, ಅದನ್ನು ಎಂದೂ ಮುಚ್ಚಬಾರದು. ಹೌದು, ವಿಳಾಸವೇ! ಇಂದು ನಾವು ನಮ್ಮ ಕಾರಿನ ಬಾಗಿಲ ಮೇಲೆ ಮನೆ ವಿಳಾಸ ಬರೆಸಿಕೊಂಡು ತಿರುಗುತ್ತೇವೆಯೇ?

ಅಮೆರಿಕದ ನ್ಯೂಯಾರ್ಕ್ ರಾಜ್ಯ 1901ರಲ್ಲಿ ಕಾನೂನು ತಂದಾಗ ಮಾಲೀಕರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಗಾಡಿಯ ಹಿಂದೆ ಹಾಕಿಕೊಳ್ಳಬೇಕಿತ್ತು. ಒಂದೇ ಮೊದಲಕ್ಷರದವರು ಎಷ್ಟು ಜನ ಇರುವುದಿಲ್ಲ! ಗಾಡಿಗಳು ಹೆಚ್ಚಿದಂತೆ ಆ ಕ್ರಮ ಉಳಿಯಲಿಲ್ಲ, ಸಂಖ್ಯೆಗಳೇ ಬಂದವು.

ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯ್ದೆ 1904ರ ಜನವರಿ 1ರಿಂದ ಜಾರಿಗೆ ಬಂತು. ಅಲ್ಲಿ ಫಲಕದ ಮೇಲೆ ಅಕ್ಷರ ಮತ್ತು ಅಂಕೆ ಮಾತ್ರ. ಹೆಸರು ಮತ್ತು ವಿಳಾಸ ಸ್ಥಳೀಯ ಕೌನ್ಸಿಲಿನ ರಿಜಿಸ್ಟರ್ ಪುಸ್ತಕದಲ್ಲಿ. ಲಂಡನ್ನಿನ ‘ಎ 1’ ಎಂಬ ಮೊದಲ ನಂಬರನ್ನು ಪಡೆದವರು ಅರ್ಲ್ ರಸೆಲ್. ಇವರು ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರ ಅಣ್ಣ. ಅದಕ್ಕಾಗಿ ರಾತ್ರಿಯಿಡೀ ಕಾದಿದ್ದರು ಎಂದು ಹೇಳುತ್ತಾರೆ. ಫ್ಯಾನ್ಸಿ ನಂಬರಿನ ಹುಚ್ಚು ನಮ್ಮ ಕಾಲದ್ದಲ್ಲ ಎಂದಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಫಲಕದಿಂದ ವಿಳಾಸವನ್ನು ತೆಗೆದು ಪುಸ್ತಕಕ್ಕೆ ಹಾಕಿದಾಗ ಮಾಲೀಕನಿಗೆ ಒಂದು ರಕ್ಷಣೆ ಸಿಕ್ಕಿತು. ದಾರಿಯಲ್ಲಿ ಅಪಘಾತ ಆದರೆ ಯಾರು ಬೇಕಾದರೂ ನಂಬರ್ ಬರೆದುಕೊಳ್ಳಬಹುದು. ಆದರೆ ಆ ನಂಬರಿನ ಹಿಂದೆ ಯಾರಿದ್ದಾರೆ, ಅವರ ಮನೆ ಎಲ್ಲಿದೆ ಎಂದು ತಿಳಿಯಲು ಪುಸ್ತಕ ತೆರೆಯಬೇಕು. ನಂಬರ್ ಎಲ್ಲರಿಗೂ, ಮನೆ ಕೆಲವರಿಗೆ ಮಾತ್ರ. ನನ್ನ ಲೇಖನದ ಉಳಿದ ಕಥೆಯೆಲ್ಲ ಈ ಎರಡರ ನಡುವಿನ ಬೀಗದ ಕಥೆ.

ಭಾರತಕ್ಕೂ ಇದೇ ಕ್ರಮ ಬಂತು. 1914ರ ಮೋಟಾರು ವಾಹನ ಕಾಯ್ದೆ ಬಂದಾಗ ನಮ್ಮ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಯಲ್ಲಿತ್ತು. ಆಮೇಲೆ 1939ರ ಕಾಯ್ದೆ, ಕೊನೆಗೆ 1988ರದ್ದು. ಇಂದು ನಮ್ಮ ಗಾಡಿಗಳಲ್ಲಿ ಕೆಎಲ್ 14, ತಲಪಾಡಿ ದಾಟಿದರೆ ನೆಂಟರ ಗಾಡಿಗಳಲ್ಲಿ ಕೆಎ 19. ನಂಬರ್ ನೋಡಿ ಊರು ಹೇಳುವುದು ನಮಗೆ ಗಡಿನಾಡಿನವರಿಗೆ ಮಕ್ಕಳಾಟ. ಅಂದರೆ ನಂಬರ್ ಪೂರ್ತಿ ಮೌನಿಯೂ ಅಲ್ಲ, ಜಿಲ್ಲೆಯನ್ನು ಅದೇ ಹೇಳಿಬಿಡುತ್ತದೆ.

ಅದೇ ಕಾಲದಲ್ಲಿ ಕ್ಯಾಮೆರಾ

ನಂಬರ್ ಪ್ಲೇಟಿಗೆ ಐದು ವರ್ಷ ಮೊದಲು, 1888ರಲ್ಲಿ, ಕೊಡಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂದಿತ್ತು. ಅಲ್ಲಿವರೆಗೆ ಫೋಟೊ ಎಂದರೆ ಸ್ಟುಡಿಯೊಗೆ ಹೋಗಿ ಅಲುಗಾಡದೆ ಕೂರುವುದು. ಈಗ ಕೈಯಲ್ಲಿ ಹಿಡಿದು ಬೀದಿಯಲ್ಲೇ ತೆಗೆಯಬಹುದಾಯಿತು. 1890ರಲ್ಲಿ ಬಾಸ್ಟನ್ನಿನ ಇಬ್ಬರು ವಕೀಲರು, ಸ್ಯಾಮ್ಯುವೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್, ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಒಂದು ಲೇಖನ ಬರೆದರು. ಕ್ಷಣದಲ್ಲಿ ತೆಗೆಯುವ ಫೋಟೊ ಮತ್ತು ಅದನ್ನು ಊರೆಲ್ಲ ಹಂಚುವ ಪತ್ರಿಕೆ ಸೇರಿದರೆ ಮನೆಯೊಳಗಿನ ಬದುಕು ಬೀದಿಗೆ ಬರುತ್ತದೆ ಎಂಬುದು ಅವರ ಆತಂಕ. ಇಂದು ಕ್ಯಾಮೆರಾವೂ ಪತ್ರಿಕೆಯೂ ನಮ್ಮ ಒಂದೇ ಜೇಬಿನಲ್ಲಿವೆ.

ಪುಸ್ತಕ ತೆರೆದುಕೊಂಡಾಗ

ಅಮೆರಿಕದ ಹಲವು ರಾಜ್ಯಗಳಲ್ಲಿ ವಾಹನದ ರಿಜಿಸ್ಟರ್ ಬಹಳ ವರ್ಷ ಸಾರ್ವಜನಿಕ ದಾಖಲೆಯಾಗಿತ್ತು. ಸಣ್ಣ ಶುಲ್ಕ ಕೊಟ್ಟರೆ ಮಾಲೀಕನ ವಿವರ ಸಿಗುತ್ತಿತ್ತು. ಅದರ ಬೆಲೆ ತೆತ್ತವರಲ್ಲಿ ಒಬ್ಬರು ರೆಬೆಕಾ ಶೇಫರ್ ಎಂಬ ಯುವ ನಟಿ, ವಯಸ್ಸು 21. ಅವರ ಹಿಂದೆ ಬಿದ್ದಿದ್ದ ಒಬ್ಬ ವ್ಯಕ್ತಿ ಖಾಸಗಿ ಪತ್ತೆದಾರನ ಮೂಲಕ ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆಯ ದಾಖಲೆಯಿಂದ ಅವರ ಮನೆ ವಿಳಾಸ ತರಿಸಿಕೊಂಡ. 1989ರ ಜುಲೈ 18ರಂದು ಮನೆಬಾಗಿಲಿಗೆ ಬಂದು ಗುಂಡಿಕ್ಕಿ ಕೊಂದ.

ಈ ಸಾವು ದೇಶವನ್ನು ಕಲಕಿತು. ಕ್ಯಾಲಿಫೋರ್ನಿಯಾ ತನ್ನ ದಾಖಲೆಗಳಿಗೆ ಬಾಗಿಲು ಹಾಕಿತು. 1994ರಲ್ಲಿ ಅಮೆರಿಕದ ಸಂಸತ್ತು ಚಾಲಕರ ಖಾಸಗಿತನ ರಕ್ಷಣೆಯ ಕಾಯ್ದೆ ತಂದು, ಕಾರಣವಿಲ್ಲದೆ ವಾಹನ ದಾಖಲೆಯ ವಿವರ ಹೊರಗೆ ಕೊಡಬಾರದು ಎಂದಿತು. ನಂಬರಿಗೂ ಮನೆಗೂ ನಡುವೆ ಬೀಗ ಯಾಕೆ ಬೇಕು ಎಂಬುದನ್ನು ಒಂದು ಜೀವ ಹೋದ ಮೇಲೆ ಕಲಿತರು.

ಫೋಟೊದೊಳಗೆ ಕಾಣದ ಬರಹ

ಇನ್ನೊಂದು ದಾರಿ ಜಪಾನಿನಲ್ಲಿ ಶುರುವಾಯಿತು. ಡಿಜಿಟಲ್ ಕ್ಯಾಮೆರಾಗಳು ಬಂದಾಗ 1995ರಲ್ಲಿ ಅಲ್ಲಿನ ಎಲೆಕ್ಟ್ರಾನಿಕ್ ಉದ್ಯಮ ಸಂಘ ‘ಎಕ್ಸಿಫ್’ ಎಂಬ ಒಂದು ಮಾದರಿ ರೂಪಿಸಿತು. ಫೋಟೊ ಫೈಲಿನ ಒಳಗೇ ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆ ಎಂದು ಬರೆದಿಡುವ ಕ್ರಮ ಅದು. ಫೋಟೊಗ್ರಾಫರುಗಳಿಗೆ ಬಹಳ ಉಪಯೋಗ. ಮುಂದೆ ಅದರಲ್ಲಿ ಜಿಪಿಎಸ್ ಸ್ಥಳವನ್ನು ಬರೆಯುವ ಜಾಗವೂ ಸೇರಿತು. ಮೊಬೈಲುಗಳಿಗೆ ಜಿಪಿಎಸ್ ಬಂದ ಮೇಲೆ ಆ ಜಾಗ ತನ್ನಷ್ಟಕ್ಕೆ ತುಂಬತೊಡಗಿತು. ಇದಕ್ಕೆ ಜಿಯೊಟ್ಯಾಗ್ ಎನ್ನುತ್ತಾರೆ.

ಬಿಎಸ್ಸಿಯಲ್ಲಿ ಕಲಿತ ಸಣ್ಣ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು. ಒಂದು ಡಿಗ್ರಿ ಅಕ್ಷಾಂಶ ಎಂದರೆ ಭೂಮಿಯ ಮೇಲೆ ಸುಮಾರು 111 ಕಿಲೋಮೀಟರ್. ಅದನ್ನು 3,600ರಿಂದ ಭಾಗಿಸಿದರೆ ಒಂದು ಸೆಕೆಂಡ್ ಅಕ್ಷಾಂಶ, ಅಂದರೆ ಸುಮಾರು 31 ಮೀಟರ್. ಮೊಬೈಲ್ ಸೆಕೆಂಡಿನ ಭಾಗಗಳನ್ನೂ ಬರೆಯುತ್ತದೆ. ಹಾಗಾಗಿ ತೆರೆದ ಜಾಗದಲ್ಲಿ ತೆಗೆದ ಫೋಟೊ ಊರನ್ನಲ್ಲ, ಅಂಗಳವನ್ನೇ ತೋರಿಸಬಲ್ಲದು.

ಇದರ ಪರಿಣಾಮ ಮೊದಲು ಕಂಡವರಲ್ಲಿ ಅಮೆರಿಕದ ಸೈನಿಕರೂ ಇದ್ದಾರೆ. 2007ರಲ್ಲಿ ಇರಾಕಿನ ಒಂದು ನೆಲೆಗೆ ಹೊಸ ಹೆಲಿಕಾಪ್ಟರುಗಳು ಬಂದಾಗ ಕೆಲವರು ಖುಷಿಯಿಂದ ಫೋಟೊ ತೆಗೆದು ಅಂತರ್ಜಾಲಕ್ಕೆ ಹಾಕಿದರು. ಎದುರಾಳಿಗಳು ಆ ಫೋಟೊಗಳ ಜಿಯೊಟ್ಯಾಗಿನಿಂದ ಹೆಲಿಕಾಪ್ಟರುಗಳು ನಿಂತ ಜಾಗ ಕಂಡುಹಿಡಿದು ಮಾರ್ಟರ್ ದಾಳಿ ಮಾಡಿದರು. ನಾಲ್ಕು ಅಪಾಚೆ ಹೆಲಿಕಾಪ್ಟರುಗಳು ನಾಶವಾದವು. 2012ರಲ್ಲಿ ಅಮೆರಿಕದ ಸೇನೆಯೇ ಈ ಘಟನೆಯನ್ನು ಹೇಳಿ ತನ್ನವರನ್ನು ಎಚ್ಚರಿಸಿತು. ಹೊಸ ಗಾಡಿ ಬಂದ ಖುಷಿ, ಒಂದು ಫೋಟೊ. ನಮ್ಮ ಕಥೆಗೂ ಅದಕ್ಕೂ ಆರಂಭ ಒಂದೇ ಅಲ್ಲವೇ?

ಕಾರಿನದ್ದೇ ಕಥೆ ಬೇಕಾದರೆ 2010ಕ್ಕೆ ಬನ್ನಿ. ‘ಮಿಥ್‌ಬಸ್ಟರ್ಸ್’ ಎಂಬ ವಿಜ್ಞಾನದ ಟಿವಿ ಕಾರ್ಯಕ್ರಮವನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಅದರ ನಿರೂಪಕ ಆ್ಯಡಂ ಸ್ಯಾವೇಜ್ ಒಂದು ದಿನ ತಮ್ಮ ಮನೆಯೆದುರು ನಿಂತಿದ್ದ ಟೊಯೋಟಾ ಲ್ಯಾಂಡ್ ಕ್ರೂಸರ್ ಕಾರಿನ ಫೋಟೊ ತೆಗೆದು, ಕೆಲಸಕ್ಕೆ ಹೊರಟಿದ್ದೇನೆ ಎಂದು ಬರೆದು ಟ್ವಿಟರಿಗೆ ಹಾಕಿದರು. ಫೋಟೊದಲ್ಲಿ ಜಿಯೊಟ್ಯಾಗ್ ಇತ್ತು. ಮನೆ ಎಲ್ಲಿದೆ, ಯಾವ ಕಾರು ಇದೆ, ಮಾಲೀಕ ಈಗ ಮನೆಯಲ್ಲಿಲ್ಲ ಎಂಬ ಮೂರೂ ವಿಷಯ ಒಂದೇ ಪೋಸ್ಟಿನಲ್ಲಿ ಸಾವಿರಾರು ಜನರಿಗೆ ಸಿಕ್ಕಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಬರೆದಾಗ ಸ್ಯಾವೇಜ್ ಹೇಳಿದ್ದು ಇಷ್ಟು: ಜಿಯೊಟ್ಯಾಗಿನ ವಿಷಯ ತಮಗೆ ಗೊತ್ತಿತ್ತು, ಆದರೆ ಫೋನಿನಲ್ಲಿ ಅದನ್ನು ನಿಲ್ಲಿಸಿರಲಿಲ್ಲ. ವಿಜ್ಞಾನ ಹೇಳಿಕೊಡುವವರಿಗೇ ಹೀಗಾದರೆ ನಮ್ಮ ಪಾಡೇನು?

ಅದೇ ವರ್ಷ ಬರ್ಕ್ಲಿಯ ಇಂಟರ್‌ನ್ಯಾಷನಲ್ ಕಂಪ್ಯೂಟರ್ ಸೈನ್ಸ್ ಇನ್‌ಸ್ಟಿಟ್ಯೂಟಿನ ಸಂಶೋಧಕರಾದ ಜೆರಾಲ್ಡ್ ಫ್ರೀಡ್‌ಲ್ಯಾಂಡ್ ಮತ್ತು ರಾಬಿನ್ ಸೊಮ್ಮರ್ ಇದಕ್ಕೆ ‘ಸೈಬರ್‌ಕೇಸಿಂಗ್’ ಎಂದು ಹೆಸರಿಟ್ಟರು. ಕಳ್ಳ ಮೊದಲೆಲ್ಲ ಮನೆಯ ಸುತ್ತ ಸುಳಿದಾಡಿ ಹೊಂಚು ಹಾಕುತ್ತಿದ್ದ, ಈಗ ಕುಳಿತಲ್ಲೇ ಅಂತರ್ಜಾಲದಲ್ಲಿ ಹೊಂಚು ಹಾಕಬಹುದು ಎಂಬ ಅರ್ಥ. ಟ್ವಿಟರ್, ಯೂಟ್ಯೂಬ್ ಮತ್ತು ಹಳೆಯ ವಸ್ತು ಮಾರುವ ಕ್ರೇಗ್ಸ್‌ಲಿಸ್ಟ್ ಜಾಹೀರಾತುಗಳ ಫೋಟೊಗಳಿಂದ ಅವರು ಮನೆಗಳನ್ನು ಪತ್ತೆಹಚ್ಚಿ ತೋರಿಸಿದರು. ವಿಳಾಸ ಬರೆಯದೆ ಜಾಹೀರಾತು ಕೊಟ್ಟವರ ವಿಳಾಸವನ್ನು ಫೋಟೊವೇ ಹೇಳಿತು.

ಯಂತ್ರ ಓದತೊಡಗಿದಾಗ

“ನಂಬರ್ ಪ್ಲೇಟ್ ರಸ್ತೆಯಲ್ಲಿ ಎಲ್ಲರೂ ನೋಡುವುದೇ ಅಲ್ಲವಾ, ಫೋಟೊದಲ್ಲಿ ಮಾತ್ರ ಏನು ಮುಚ್ಚುವುದು?” ಎಂದು ನಮ್ಮ ಘಟಕದ ಸಭೆಯಲ್ಲಿ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ.

ರಸ್ತೆಯಲ್ಲಿ ನೋಡಿದವನಿಗೆ ನಂಬರ್ ಮಾತ್ರ ಕಾಣುತ್ತದೆ, ಮೂರು ಸೆಕೆಂಡಿನಲ್ಲಿ ಮರೆತೂ ಹೋಗುತ್ತದೆ. ಫೋಟೊ ಮರೆಯುವುದಿಲ್ಲ. ಮೇಲಾಗಿ ಈಗ ಓದುವುದು ಮನುಷ್ಯ ಮಾತ್ರವಲ್ಲ. ನಂಬರ್ ಪ್ಲೇಟನ್ನು ತಾನಾಗಿ ಓದುವ ಕ್ಯಾಮೆರಾ ತಂತ್ರವನ್ನು 1976ರಲ್ಲೇ ಬ್ರಿಟನ್ನಿನ ಪೊಲೀಸ್ ಸಂಶೋಧನಾ ವಿಭಾಗ ಕಂಡುಹಿಡಿದಿತ್ತು. 2023ರಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮೆರಾಗಳು ನಮಗೆ ಅದೇ ವಿದ್ಯೆಯಿಂದ ಚಲನ್ ಕಳುಹಿಸುತ್ತವೆ. ಅಂದು ಪೊಲೀಸರ ಬಳಿ ಮಾತ್ರ ಇದ್ದ ವಿದ್ಯೆ ಇಂದು ಹಲವು ಸ್ಮಾರ್ಟ್‌ಫೋನುಗಳಲ್ಲಿದೆ. ಚಿತ್ರದಲ್ಲಿರುವ ಅಕ್ಷರವನ್ನು ಒತ್ತಿ ಹಿಡಿದರೆ ಕಾಪಿ ಆಗುತ್ತದೆ.

ಗೂಗಲ್ ಕಂಪನಿ 2007ರ ಮೇ ತಿಂಗಳಲ್ಲಿ ಬೀದಿಗಳ ಫೋಟೊ ತೋರಿಸುವ ಸ್ಟ್ರೀಟ್ ವ್ಯೂ ಶುರುಮಾಡಿದಾಗ ಮುಖಗಳೂ ನಂಬರ್ ಪ್ಲೇಟುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು. ಜನ ಆಕ್ಷೇಪಿಸಿದರು. 2008ರಿಂದ ಮುಖ ಮತ್ತು ಪ್ಲೇಟುಗಳನ್ನು ಮಸುಕು ಮಾಡುವ ವ್ಯವಸ್ಥೆ ಬಂತು. 2011ರಲ್ಲಿ ಅದೇ ಕ್ಯಾಮೆರಾ ಕಾರುಗಳು ಬೆಂಗಳೂರಿಗೆ ಬಂದಾಗ ಕೆಲವೇ ವಾರಗಳಲ್ಲಿ ನಗರದ ಪೊಲೀಸರು ಭದ್ರತೆಯ ಕಾರಣಕ್ಕೆ ತಡೆದರು. ಭಾರತದಲ್ಲಿ ಆ ಸೇವೆ ಬಂದದ್ದು 2022ರ ಜುಲೈಯಲ್ಲಿ. ಯೋಚಿಸಿ, ಅಷ್ಟು ದೊಡ್ಡ ಕಂಪನಿ ಪ್ಲೇಟ್ ಮುಚ್ಚಬೇಕಾಯಿತು. ನಾನು ನಮ್ಮ ಪೇಜಿನಲ್ಲಿ ಮುಚ್ಚಿರಲಿಲ್ಲ.

ನಮ್ಮ ದೇಶದ ರಿಜಿಸ್ಟರ್

ಹಿಂದೆ ಆರ್‌ಟಿಒ ಕಚೇರಿಗಳ ಕಪಾಟುಗಳಲ್ಲಿದ್ದ ಪುಸ್ತಕಗಳು ಈಗ ‘ವಾಹನ್’ ಎಂಬ ಕಂಪ್ಯೂಟರ್ ದಾಖಲೆಯಲ್ಲಿವೆ. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಈ ದಾಖಲೆಯನ್ನು ಒಟ್ಟಾಗಿ ಹಣಕ್ಕೆ ಕೊಡುವ ನೀತಿ ತಂದಿತು. ಆ ವರ್ಷದ ಜುಲೈಯಲ್ಲಿ ಸಚಿವರು ರಾಜ್ಯಸಭೆಯಲ್ಲಿ ಕೊಟ್ಟ ಉತ್ತರದ ಪ್ರಕಾರ 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ವಾಹನ ಮತ್ತು ಲೈಸೆನ್ಸ್ ದಾಖಲೆಗಳನ್ನು ನೋಡುವ ಅವಕಾಶ ಕೊಡಲಾಗಿತ್ತು, ಸುಮಾರು 65 ಕೋಟಿ ರೂಪಾಯಿ ಬಂದಿತ್ತು. ಖಾಸಗಿತನದ ಪ್ರಶ್ನೆ ಎದ್ದ ಮೇಲೆ 2020ರಲ್ಲಿ ಆ ನೀತಿಯನ್ನು ರದ್ದು ಮಾಡಲಾಯಿತು. ಮೊದಲು ಎಂಪರಿವಾಹನ್ ಆ್ಯಪಿನಲ್ಲಿ ಯಾರದೇ ನಂಬರ್ ಹಾಕಿದರೂ ಮಾಲೀಕರ ಪೂರ್ತಿ ಹೆಸರು ಕಾಣುತ್ತಿತ್ತು. ಈಗ ಹೆಸರಿನ ಕೆಲವು ಅಕ್ಷರ ಬಿಟ್ಟು ಉಳಿದದ್ದನ್ನು ನಕ್ಷತ್ರ ಚಿಹ್ನೆಯಿಂದ ಮುಚ್ಚುತ್ತಾರೆ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿಷಯದಲ್ಲಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ನಮ್ಮೆಲ್ಲರ ಹಕ್ಕಿಗೆ ಒಬ್ಬ ಕನ್ನಡಿಗ ಅಜ್ಜನ ಹೆಸರಿದೆ ಎಂಬುದನ್ನು ಯುವಜನರು ನೆನಪಿಡಬೇಕು.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಆದರೆ ಅದರಲ್ಲಿ ಒಂದು ಮಾತಿದೆ: ಒಬ್ಬ ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇದನ್ನು ಓದಿದಾಗ ನನಗೆ ನನ್ನ ಪೋಸ್ಟ್ ನೆನಪಾಯಿತು. ಕಾನೂನು, ಕೋರ್ಟು, ಸರ್ಕಾರ ಸೇರಿ ರಿಜಿಸ್ಟರಿಗೆ ಬೀಗ ಹಾಕಿದರೂ, ಫಲಕ ಮತ್ತು ವಿಳಾಸವನ್ನು ಮತ್ತೆ ಒಂದೇ ಚಿತ್ರದಲ್ಲಿ ಸೇರಿಸಿ ನಾವೇ ಹಂಚಿದರೆ ನಾವು 1893ರ ಪ್ಯಾರಿಸಿಗೆ ವಾಪಸ್ ಹೋದಂತೆ.

ಹಾಗಾದರೆ ಫೋಟೊ ಹಾಕಲೇಬಾರದೆ?

ಹಾಕಬೇಕು. ಕಷ್ಟಪಟ್ಟು ಕೊಂಡ ಗಾಡಿಯ ಸಂತೋಷ ಹಂಚಿಕೊಳ್ಳುವುದು ತಪ್ಪಲ್ಲ. ಚರಿತ್ರೆಯಲ್ಲಿ ನಾನು ಕಂಡದ್ದು ಒಂದೇ. ನಂಬರ್ ಒಂದೇ ಇದ್ದರೆ ಹೆಚ್ಚು ಹಾನಿ ಇಲ್ಲ. ನಂಬರ್, ಜಾಗ, ಸಮಯ, ಹೆಸರು, ಫೋನ್ ಇವು ಒಟ್ಟಿಗೆ ಸೇರಿದಾಗ ಹಾನಿ. ಆದ್ದರಿಂದ ಸೇರದಂತೆ ನೋಡಿಕೊಂಡರೆ ಸಾಕು. ನಮ್ಮ ಘಟಕದಲ್ಲಿ ಕುಳಿತು ಮಾಡಿಕೊಂಡ ನಿಯಮಗಳು ಇವು:

1. ಫೋಟೊ ತೆಗೆಯುವಾಗಲೇ ಯಾರಾದರೂ ಪ್ಲೇಟಿನ ಎದುರು ನಿಲ್ಲಲಿ, ಇಲ್ಲವೇ ಬದಿಯಿಂದ ತೆಗೆಯಿರಿ. ಆಗದಿದ್ದರೆ ಹಾಕುವ ಮೊದಲು ಪ್ಲೇಟಿನ ಮೇಲೆ ದಟ್ಟ ಬಣ್ಣದ ಚೌಕ ಹಾಕಿ. ತೆಳುವಾಗಿ ಮಸುಕು ಮಾಡಿದರೆ ಅಂಕೆಗಳನ್ನು ಊಹಿಸಬಹುದು. ನೆನಪಿಡಿ, ಮುಚ್ಚುವುದು ಫೋಟೊದಲ್ಲಿ ಮಾತ್ರ. ರಸ್ತೆಯಲ್ಲಿ ಪ್ಲೇಟ್ ಮುಚ್ಚುವುದು ಅಪರಾಧ.

2. ಹಿನ್ನೆಲೆ ನೋಡಿ. ಅಂಗಡಿಯ ಬೋರ್ಡ್, ಮನೆಯ ಹೆಸರು, ಗೇಟಿನ ನಂಬರ್, ಮಕ್ಕಳ ಶಾಲೆಯ ಸಮವಸ್ತ್ರ, ಕಾರಿನ ಗಾಜಿಗೆ ಅಂಟಿಸಿದ ಕಚೇರಿಯ ಪಾಸ್, ಇವೆಲ್ಲ ಮಾತಾಡುತ್ತವೆ.

3. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಸಾಧಾರಣವಾಗಿ ಫೋಟೊ ಎಂದು ಕಳುಹಿಸಿದರೆ ಒಳಗಿನ ಸ್ಥಳದ ವಿವರ ಹೋಗುವುದಿಲ್ಲ. ಆದರೆ ಸ್ಪಷ್ಟವಾಗಿ ಬರಲೆಂದು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅದೂ ಜತೆಗೇ ಹೋಗುತ್ತದೆ.

4. ಆರ್‌ಸಿ, ವಿಮೆ, ಡೆಲಿವರಿ ಕಾಗದ ಹಿಡಿದುಕೊಂಡು ಫೋಟೊ ಬೇಡ. ಚಾಸಿ ನಂಬರಿನ ಕೊನೆಯ ಐದು ಅಂಕೆಗಳನ್ನು ಆರ್‌ಟಿಒದ ಹಲವು ಆನ್‌ಲೈನ್ ಸೇವೆಗಳಲ್ಲಿ ಕೇಳುತ್ತಾರೆ. ಕೀಲಿಕೈಯ ಹತ್ತಿರದ ಫೋಟೊವೂ ಬೇಡ.

5. ಪ್ರಯಾಣದ ಸುದ್ದಿ ಮನೆಗೆ ಬಂದ ಮೇಲೆ ಹಾಕಿ.

6. ಕಾರು ಮಾರಲು ಜಾಹೀರಾತು ಕೊಡುವಾಗ ಅಂಗಳದ ಬದಲು ಮೈದಾನದಲ್ಲೋ ರಸ್ತೆ ಬದಿಯಲ್ಲೋ ನಿಲ್ಲಿಸಿ ಫೋಟೊ ತೆಗೆಯಿರಿ. ನೋಡಲು ಬರುವವರನ್ನು ಹಗಲಲ್ಲಿ, ಜನ ಇರುವ ಕಡೆ ಭೇಟಿಯಾಗಿ.

7. ಚಲನ್ ಸಂದೇಶ ಬಂದರೆ ಅದರಲ್ಲಿರುವ ಫೈಲ್ ಒತ್ತಬೇಡಿ. ಸರ್ಕಾರದ ಇ-ಚಲನ್ ತಾಣವನ್ನು ನೀವೇ ತೆರೆದು ನೋಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

8. ಬೇರೆಯವರ ಗಾಡಿಯ ಫೋಟೊ ಹಾಕುವ ಮೊದಲು ಅವರನ್ನು ಕೇಳಿ. ಇದನ್ನು ಮೊದಲನೆಯದಾಗಿ ಬರೆಯಬೇಕಿತ್ತು, ಏಕೆಂದರೆ ನಾನು ಮಾಡದೇ ಇದ್ದದ್ದು ಇದೇ.

ಆ ಸಂಜೆಯೇ ಪೋಸ್ಟ್ ಅಳಿಸಿ ಅಂಕಲ್ ಮನೆಗೆ ಹೋದೆ. ತಪ್ಪು ನನ್ನದು ಎಂದೆ. ಆಂಟಿ ಚಹಾ ತಂದಿಟ್ಟರು. ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೇ ಅಲ್ಲವಾ ಪ್ಲೇಟು ಕಾಣುವ ಹಾಗೆ ತೆಗಿ ಅಂತ ಹೇಳಿದ್ದು” ಎಂದರು. ಅದು ನಿಜ, ಅವರು ಹೇಳಿದ್ದರು. ಆದರೆ ನಮ್ಮ ಮನೆಯ ಹಿರಿಯರು ಇಂಥ ವಿಷಯದಲ್ಲಿ ನಮ್ಮನ್ನು ನಂಬುತ್ತಾರೆ. ಪೋಸ್ಟ್ ಒತ್ತುವ ಬೆರಳು ನಮ್ಮದು, ಅಪಾಯ ಅವರದ್ದು.

ಹೊರಡುವಾಗ ಮತ್ತೊಂದು ಫೋಟೊ ತೆಗೆದೆವು. ಅಂಕಲ್, ಆಂಟಿ, ಮಗಳು ಕಾರಿನ ಎದುರು ಸಾಲಾಗಿ, ಮಗಳ ಕಾಲಿನ ಹಿಂದೆ ಪ್ಲೇಟ್, ಹಿನ್ನೆಲೆಗೆ ತೆಂಗಿನ ತೋಟ. ಅದನ್ನು ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ಇಟ್ಟಿದ್ದಾರೆ.

ನಮ್ಮ ಪೇಜಿನಲ್ಲಿ ನಿಮ್ಮ ಗಾಡಿಯ ಹಳೆಯ ಫೋಟೊ ಇದ್ದರೆ, ತೆಗೆಯಬೇಕು ಅಥವಾ ನಂಬರ್ ಮುಚ್ಚಬೇಕು ಎಂದಾದರೆ, ಭಾನುವಾರ ಪೂಜೆಯ ನಂತರ ನಮ್ಮಲ್ಲಿ ಯಾರಿಗಾದರೂ ಹೇಳಿ. ಅಂದೇ ಸರಿಮಾಡಿಕೊಡುತ್ತೇವೆ. ಫೋನಿನಲ್ಲಿ ಲೊಕೇಶನ್ ಆಫ್ ಮಾಡುವುದು ತಿಳಿಯದ ಹಿರಿಯರು ಫೋನ್ ಹಿಡಿದುಕೊಂಡೇ ಬನ್ನಿ, ಎರಡು ನಿಮಿಷದ ಕೆಲಸ.